ಅಕ್ಕೋರು ಕೈ ತೊಳೆಯದ ದಿನ

ಅವತ್ತು ಬೆಳಗಿನ ಜಾವ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೆಗಲ ಮೇಲಿನ ಬಳೆಯ ಮಲಾರ ನನಗೇ ಕಾಣುತ್ತಿರಲಿಲ್ಲ. ಸಪ್ಪಳ ಮಾತ್ರ ಕೇಳುತ್ತಿತ್ತು. ಗಾಳಿಯ ಸುಳಿವಿಲ್ಲ. ಮಾಗಿಯ ಚಳಿ ಇತ್ತು, ಆದರೂ ಕಚ್ಚದೆ ತಣ್ಣಗೆ ಮೈದಡವುವಂಥ ಚಳಿ. ಬೆಳಗಾಯಿತೋ ಇಲ್ಲವೋ ತಿಳಿಯದೆ ಊರಿನ ಕೋಳಿಗಳು ಅರ್ಧ ಕೂಗಿ ಸುಮ್ಮನಾಗಿದ್ದವು. ಹೂವಿನ ಅಕ್ಕೋರ ಮನೆಯ ದಾರಿ ನನ್ನ ಕಾಲಿಗೇ ಗೊತ್ತಿದ್ದುದರಿಂದ ಕಣ್ಣಿಗೆ ಕೆಲಸವಿರಲಿಲ್ಲ. ಶಿವಶಿವಾ ಎನ್ನುತ್ತ ನಡೆದೆ.

ನಾನು ಗದಿಗೆಪ್ಪ, ಬಳೆಗಾರ. ನಮ್ಮಪ್ಪ, ಅವನ ಅಪ್ಪ ಎಲ್ಲರೂ ಇದೇ ಕಸುಬಿನವರು. ಈ ಊರಿನ ಹೆಣ್ಣುಮಕ್ಕಳ ಕೈಗಳನ್ನೆಲ್ಲ ಹಿಡಿದು ನೋಡಿದವನು ನಾನು. ಮುಖ ಮರೆತೇನು, ಮಣಿಕಟ್ಟು ಮರೆಯಲಾರೆ. ಇಷ್ಟು ವರ್ಷದಲ್ಲಿ ನನ್ನ ಹಿಡಿತಕ್ಕೆ ಸಿಗದ ಕೈಯೆಂದರೆ ಅಕ್ಕೋರದೊಂದೇ. ಬಳೆ ತೊಟ್ಟರೆ ಅದು ಸೂಕ್ಷ್ಮದರ್ಶಕದ ಗಾಜಿಗೆ ತಾಗಿ ಕೆಳಗಿಟ್ಟ ಹೂವಿನ ಹುಡಿ ಜರುಗುತ್ತದೆ ಎಂದು ಅವರು ಒಮ್ಮೆಯೂ ತೊಟ್ಟಿರಲಿಲ್ಲ. ಈಗ ಅವರ ನೌಕರಿ ಮುಗಿದಿತ್ತು. ಸೋಮವಾರದ ಬಸ್ಸಿಗೆ ಹೊರಡುವವರಿದ್ದರು. ಇಪ್ಪತ್ತಾರು ವರ್ಷ ನಮ್ಮ ನಡುವೆ ಇದ್ದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಓಣಿಯ ಹೆಂಗಸರೆಲ್ಲ ಕೂಡಿ ಒಂದು ಡಜನ್ ಹಸಿರು ಬಳೆ ಆರಿಸಿಟ್ಟಿದ್ದರು. ನನ್ನ ಹೆಂಡತಿ ನೀಲವ್ವ ಕೋಳಿಗಿಂತ ಮೊದಲೇ ನನ್ನನ್ನು ಎಬ್ಬಿಸಿ ಹೊರಗೆ ಹಾಕಿದ್ದಳು. "ಜನ ಕೂಡೂದ್ರಾಗ ಹೋಗಿ ತೊಡಿಸಿ ಬರ್ರಿ. ಹತ್ತ ಮಂದಿ ಎದುರಿಗೆ ಅವರು ಒಲ್ಲೆ ಅಂದ್ರ, ನಿಮ್ಮ ಸಣ್ಣ ಮಾರಿ ನೋಡಾಕ ನನಗ ಆಗೂದಿಲ್ಲ" ಎಂದಿದ್ದಳು.

ನಮ್ಮೂರಿನಲ್ಲಿ ಎದ್ದ ಕೂಡಲೇ ಅಂಗೈ ನೋಡಿಕೊಳ್ಳದವರಿಲ್ಲ. ಬೇರೆ ಊರುಗಳಲ್ಲೂ ನೋಡಿಕೊಳ್ಳುತ್ತಾರಂತೆ, ಲಕ್ಷ್ಮಿಯನ್ನು ನೆನೆಯುವುದಕ್ಕೆ. ನಾವೂ ನೆನೆಯುತ್ತೇವೆ, ಅದಕ್ಕೆ ಮೊದಲು ಬೆರಳ ತುದಿಗೆ ಹಳದಿ ಬಂದಿದೆಯೇ ಎಂದು ನೋಡುತ್ತೇವೆ. ಹೂವಿನ ಹುಡಿಗೆ ನಮ್ಮಲ್ಲಿ ಹಳದಿ ಎಂದೇ ಹೆಸರು, ಅದರ ಬಣ್ಣ ಬಿಳಿಯಿರಲಿ, ಕಂದಿರಲಿ. ಒಬ್ಬೊಬ್ಬರಿಗೂ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಬಂತೆಂದರೆ ಊರಿನ ಯಾವುದೋ ಮೂಲೆಯಲ್ಲಿ ಒಂದು ಹೂವು ಅದಕ್ಕಾಗಿ ಕಾದಿದೆ ಎಂದರ್ಥ. ಹೊತ್ತು ಮುಳುಗುವುದರೊಳಗೆ ಹುಡುಕಿ ಮುಟ್ಟಿಸಬೇಕು. ದುಂಬಿ, ಜೇನುಹುಳ ನಮ್ಮಲ್ಲೂ ಇವೆ, ತಮ್ಮ ಪಾಲಿನ ಕೆಲಸ ತಾವು ಮಾಡುತ್ತವೆ. ಅವುಗಳಿಂದ ಆಗದೆ ಉಳಿದದ್ದು ನಮ್ಮ ಬೆರಳಿಗೆ ಬರುತ್ತದೆ.

ಹಾಗಾಗಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಸ್ತರು "ಹೂವಿಗೆ ಹೋಗಿದ್ದಾನೆ" ಎಂದು ಬರೆದು ಮುಂದಿನ ಹೆಸರು ಕೂಗುತ್ತಾರೆ. ಹಳದಿ ಬಂದ ಗೃಹಿಣಿ ಎಡಗೈಯಲ್ಲೇ ರೊಟ್ಟಿ ಬಡಿಯುತ್ತಾಳೆ. ಅವತ್ತಿನ ರೊಟ್ಟಿ ಯಾವ ಆಕಾರದ್ದಾದರೂ ಗಂಡನಾದವನು ಮಾತಾಡುವಂತಿಲ್ಲ. ಮುಹೂರ್ತದ ದಿನವೇ ಮದುಮಗಳಿಗೆ ಬಂದುಬಿಟ್ಟರೆ ಅವಳು ಮೊದಲು ಸೋರೆಬಳ್ಳಿಗೋ ನುಗ್ಗೆಗೋ ಹೋಗಿಬಂದು ಆಮೇಲೆ ಮಣೆಯ ಮೇಲೆ ಕೂರುತ್ತಾಳೆ. ಸೊಸೆಯರನ್ನು ಊರೊಳಗಿನಿಂದಲೇ ತರುವ ರೂಢಿಯಿರುವುದರಿಂದ ಇದಕ್ಕೆ ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ನನ್ನ ಅಂಗಡಿಯಲ್ಲಿಯೂ ಒಂದು ನೇಮವುಂಟು. ಹಳದಿ ಬಂದವರಿಗೆ ಇವತ್ತು ಒಂದು ಕೈಗೆ ಬಳೆ, ನಾಳೆ ಇನ್ನೊಂದಕ್ಕೆ. ಒಂದೇ ಕೈಗೆ ಬಳೆ ತೊಟ್ಟು ಸಂತೆಯಲ್ಲಿ ಓಡಾಡುವ ಹೆಂಗಸರು ನಮ್ಮೂರಿನಲ್ಲಿ ಮಾತ್ರ ಸಿಕ್ಕಾರು.

ಹಳದಿ ಯಾವ ಹೂವಿನದೆಂದು ತಿಳಿಯುವುದೇ ಕಷ್ಟ. ಬೇರೆ ಹೂವಿಗೆ ಮುಟ್ಟಿಸಿದರೆ ಅದು ಒಲ್ಲೆ ಎನ್ನುತ್ತದೆ. ಹಿಂದೆ ಜನ ಸಂಜೆಯವರೆಗೂ ಬೇಲಿಬೇಲಿ ಅಲೆಯುತ್ತಿದ್ದರು. ಅಕ್ಕೋರು ಬಂದ ಮೇಲೆ ಆ ಅಲೆದಾಟ ತಪ್ಪಿತು.

ಅವರ ಹೆಸರು ಡಾಕ್ಟರ್ ಇಂದುಮತಿ. ದೂರದ ಕಾಲೇಜಿನಿಂದ ಮೂರು ತಿಂಗಳಿಗೆಂದು ಬಂದವರು. ಯಾವ ಗಿಡ ಯಾರ ನೆರವಿನಿಂದ ಕಾಯಿ ಕಚ್ಚುತ್ತದೆ, ನೂರು ಹೂವಿಗೆ ಎಷ್ಟು ಕಾಯಿ, ಕಾಯಿಗೆಷ್ಟು ಬೀಜ, ಆ ಬೀಜವನ್ನು ಒಯ್ಯುವವರಾರು, ಇದೇ ಅವರ ವಿದ್ಯೆ. ಬಸ್ಸಿನಿಂದಿಳಿದಾಗ ಒಂದು ಪೆಟ್ಟಿಗೆ ತುಂಬ ತೆಳುಬಟ್ಟೆಯ ಪುಟ್ಟ ಚೀಲಗಳಿದ್ದವು, ಮೊಗ್ಗಿಗೆ ಕಟ್ಟುವುದಕ್ಕೆ. ಇನ್ನೊಂದರಲ್ಲಿ ಬಣ್ಣಬಣ್ಣದ ನೂಲು. ನಾನು ಅದನ್ನು ಕಂಡು, ಕೂಸುಗಳ ಕುಲಾವಿ ಮಾರುವ ಹೆಂಗಸೆಂದು ತಿಳಿದು ಮಾತಾಡಿಸಿದ್ದೆ. ಅವರು ನಕ್ಕು, ಊರಿನ ವಿಷಯವನ್ನೆಲ್ಲ ಕೇಳಿಕೊಂಡು, ಕೊನೆಗೆ, "ಹೊರಗಿನವರಿಗೂ ಹಳದಿ ಬರುತ್ತಾ?" ಎಂದರು.

"ಎಲ್ಲೀದ್ರಿ ಅಕ್ಕೋರ! ಅದಕ್ಕ ಈ ಊರ ನೀರ ಕುಡದ ಹುಟ್ಟಿರಬೇಕ್ರಿ" ಎಂದುಬಿಟ್ಟೆ.

ನನಗೆ ಹಾಗೆಂದು ಯಾರೂ ಹೇಳಿರಲಿಲ್ಲ. ಅದುವರೆಗೆ ಹೊರಗಿನವರು ನಮ್ಮಲ್ಲಿ ರಾತ್ರಿ ಉಳಿದದ್ದೇ ಇರಲಿಲ್ಲ, ಬೆಳಿಗ್ಗೆ ಬಂದವರು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಬಾಯಿಗೆ ಬಂತು, ಊರಿನ ಜಂಬ, ಆಡಿದೆ. ಅವರು ಅದನ್ನು ಬರೆದುಕೊಂಡರು. ಮರುವರ್ಷ ಅಚ್ಚಾದ ಪ್ರಬಂಧವೊಂದನ್ನು ತಂದು ತೋರಿಸಿ, "ನೋಡಿ, ನೀವು ಹೇಳಿದ್ದು ಇಲ್ಲಿದೆ, 'ಸ್ಥಳೀಯ ಬಳೆಗಾರರೊಬ್ಬರು ತಿಳಿಸಿದಂತೆ' ಅಂತ" ಎಂದು ಓದಿ ಹೇಳಿದರು. ಆ ಹಾಳೆಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದೆ. ದಿನವೂ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದೆನೆಂದು ನೀಲವ್ವ ಈಗಲೂ ಆಡಿಕೊಳ್ಳುತ್ತಾಳೆ.

ಮೂರು ತಿಂಗಳು ಇಪ್ಪತ್ತಾರು ವರ್ಷವಾಯಿತು. ಬೆಳಗಾದರೆ ಅಕ್ಕೋರ ಕಟ್ಟೆಯ ಮುಂದೆ ಬೆರಳು ಮೇಲೆತ್ತಿಕೊಂಡ ಜನರ ಸಾಲು. ಅವರು ಸೂಜಿಯ ಮೊನೆಯಿಂದ ಒಂದೇ ಒಂದು ಕಾಳು ಹುಡಿ ತೆಗೆದು, ಗಾಜಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, "ಕುಂಬಳ. ಹತ್ತು ಗಂಟೆಗೆ ಹೂವು ಮುಚ್ಚುತ್ತೆ, ಬೇಗ ಹೋಗಿ" ಎನ್ನುವರು. "ಸೀತಾಫಲ. ಅವಸರ ಇಲ್ಲ, ಸಂಜೆ ಹೋಗಿ. ಅದರ ಹೂವು ಮೊದಲು ಹೆಣ್ಣಾಗಿ ಅರಳಿ, ಮರುದಿನ ಗಂಡಾಗುತ್ತೆ." ಇದನ್ನು ಕೇಳಿದ ತಿಪ್ಪವ್ವ, "ಹಂಗಾರ ಆ ಸಂಸಾರದಾಗ ಜಗಳ ಇಲ್ಲ ಬಿಡು" ಎಂದು ಸಾಲಿನವರನ್ನೆಲ್ಲ ನಗಿಸಿದ್ದಳು. ತಿಪ್ಪವ್ವ ಎಂಬತ್ತು ದಾಟಿದ ಮುದುಕಿ. ಅವಳಿಗೆ ಹಳದಿ ಬಂದರೆ ತಾಳೆಮರದ್ದೇ ಬರಬೇಕು. ನಾಲ್ಕು ಜನ ಹಗ್ಗ ಕಟ್ಟಿ, ಬುಟ್ಟಿಯಲ್ಲಿ ಕೂರಿಸಿ ಮೇಲೆಳೆಯಬೇಕು. ಅಷ್ಟು ಹೊತ್ತೂ ಅವಳು, "ಈ ಹೆಣ್ಣ ತಾಳೀಗೆ ಏನ ಧಾಡಿ, ಒಂದೀಟ ಬಗ್ಗಾಕ ಬರೂದಿಲ್ಲೇನ?" ಎಂದು ಮರವನ್ನು ಬೈಯುತ್ತ ಏರುತ್ತಾಳೆ. ಇಳಿಯುವಾಗ ಮಾತ್ರ ಮಗುವಿನಂತೆ ನಗುತ್ತಿರುತ್ತಾಳೆ.

ಅಕ್ಕೋರು ನಾನೂರಕ್ಕಿಂತ ಹೆಚ್ಚು ಬಗೆಯ ಹುಡಿಯ ಗುರುತು ಬರೆದಿಟ್ಟರು. ಅವರ ಪುಸ್ತಕ ಹಿಡಿದುಕೊಂಡು ಎಲ್ಲೆಲ್ಲಿಯವರೋ ಹುಡುಕಿ ಬಂದು, ನಮಸ್ಕಾರ ಮಾಡಿ, ಸಂಜೆಯ ಬಸ್ಸು ಹಿಡಿಯುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಒಂದೇ ಮರದಲ್ಲಿ. ಕೆರೆಯ ಏರಿಯ ಮೇಲಿರುವ ಮರ. ಅದಕ್ಕೆ ಹೆಸರಿಲ್ಲ. ಮಾಗಿಯಲ್ಲಿ ನಾಲ್ಕು ಬೆಳಗು ಬಿಳಿಯ ಹೂ ಬಿಡುತ್ತದೆ, ಬಿಸಿಲು ತಾಗಿದ ಕೂಡಲೇ ಎಲ್ಲ ಉದುರಿಸುತ್ತದೆ. ಅದು ಕಾಯಿ ಕಚ್ಚಿದ್ದನ್ನು ನನ್ನ ಅಜ್ಜನೂ ನೋಡಿರಲಿಲ್ಲ. ಊರಿನ ಯಾರ ಬೆರಳಿಗೂ ಅದರ ಹಳದಿ ಬಂದದ್ದಿಲ್ಲ. ಅಕ್ಕೋರು ಮೊದಲ ವರ್ಷವೇ ಅದರ ಹುಡಿಯನ್ನು ಅದಕ್ಕೇ ಮುಟ್ಟಿಸಿ ನೋಡಿದರು. ಹೂವು ಒಲ್ಲೆ ಎಂದಿತು. "ಕೆಲವು ಮರ ಹಾಗೇ ಗದಿಗೆಪ್ಪನವರೇ. ತನ್ನ ಹುಡಿ ತನಗೆ ಸೇರಲ್ಲ. ಇದೇ ಜಾತಿಯ ಇನ್ನೊಂದು ಮರದಿಂದ ಬರಬೇಕು. ಅದು ಎಲ್ಲಿದೆಯೋ ಭಗವಂತನಿಗೇ ಗೊತ್ತು" ಎಂದರು. ಬೇಸಿಗೆಯ ರಜೆಗಳಲ್ಲಿ ಬೆಟ್ಟಗುಡ್ಡ ಅಲೆದರು, ಊರೂರಿನ ಕಾಲೇಜುಗಳಿಗೆ ಎಲೆ ಒಣಗಿಸಿ ಕಳಿಸಿದರು. ಸಿಗಲಿಲ್ಲ. ಪ್ರತಿ ಮಾಗಿಯಲ್ಲೂ ಏರಿಯ ಮೇಲೆ ಕುಳಿತು ಉದುರಿದ ಹೂವುಗಳನ್ನು ಎಣಿಸುವುದು ತಪ್ಪಲಿಲ್ಲ.

ಮರಕ್ಕೆ ವಯಸ್ಸಾಗಿತ್ತು. ಆ ವರ್ಷ ಕೆಳಗಿನ ಒಂದು ಕೊಂಬೆಯನ್ನು ಬಿಟ್ಟು ಉಳಿದುದೆಲ್ಲ ಒಣಗಿತ್ತು. ಮೂರು ದಿನ ಹೂ ಬಿಟ್ಟು ಉದುರಿಸಿಯೂ ಆಗಿತ್ತು. ಹಿಂದಿನ ಸಂಜೆ ಅಕ್ಕೋರು ನಮ್ಮ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ, "ಒಂದೇ ಒಂದು ಹಣ್ಣು ನೋಡಿ ಹೋಗಬೇಕು ಅಂತಿದ್ದೆ ನೀಲವ್ವಾ. ನಾಳೆಗೆ ಹೂವು ಮುಗಿಯುತ್ತೆ. ಬರೋ ವರ್ಷಕ್ಕೆ ಮರವೂ ಇರಲ್ಲ, ನಾನೂ ಇರಲ್ಲ" ಎಂದಿದ್ದರು. ಅತ್ತಿರಲಿಲ್ಲ. ಬಟ್ಟಲಿನ ತಳವನ್ನೇ ನೋಡುತ್ತಿದ್ದರು, ಅಷ್ಟೆ. ನೀಲವ್ವ ಒಳಗೆ ಹೋಗಿ ಅತ್ತು ಬಂದಳು.

ಆ ಮಂಜಿನಲ್ಲಿ ನಾನು ಹೋಗಿ ಬಾಗಿಲು ಬಡಿದಾಗ ಅಕ್ಕೋರೇ ತೆಗೆದರು. ಕೂದಲು ಕಟ್ಟಿರಲಿಲ್ಲ, ಆಗಷ್ಟೇ ಎದ್ದಂತಿತ್ತು. ಒಳಗೆ ಪೆಟ್ಟಿಗೆಗಳು ಸಾಲಾಗಿದ್ದವು. ಒಂದು ಪೆಟ್ಟಿಗೆಯ ಬಾಯಿ ತೆರೆದು ಸಾಮಾನೆಲ್ಲ ನೆಲದ ಮೇಲೆ ಹರಡಿತ್ತು.

"ಇಷ್ಟು ಹೊತ್ತಿಗೆ! ಏನಾಯ್ತು?"

"ಏನೂ ಆಗಿಲ್ರಿ. ಬಳಿ ತೊಡಸಾಕ ಬಂದೀನಿ. ಓಣಿ ಹೆಣ್ಣಮಕ್ಕಳು ಕಳಿಸ್ಯಾರ. ಒಲ್ಲೆ ಅಂದ್ರ ನಾ ಮನೀಗೆ ಹೋಗಂಗಿಲ್ಲ, ಇಲ್ಲೇ ನಿಮ್ಮ ಪೆಟಗಿ ಕಾಯ್ಕೋತ ಕುಂಡರತೀನಿ."

ಅವರು ನಕ್ಕರು. "ಆಯ್ತು, ತೊಡಿಸಿ. ಒಂದು ನಿಮಿಷ ಇರಿ, ಕೈ ತೊಳೆದು ಬರ್ತೀನಿ. ಸ್ಪಿರಿಟ್ ಬಾಟ್ಲಿ ನಿನ್ನೆ ಎಲ್ಲೋ ಪೆಟ್ಟಿಗೆ ತಳಕ್ಕೆ ಹೋಗಿಬಿಟ್ಟಿದೆ. ಅದನ್ನೇ ಹುಡುಕ್ತಾ ಇದ್ದೆ."

"ಬಳಿ ಜಾರಾಕ ಸಬಕಾರ ನೀರು ನಾನ ತಂದೀನ್ರಿ. ಹಂಗ ಕೊಡ್ರಿ ಕೈ."

ಕಂದೀಲಿನ ಪಕ್ಕದಲ್ಲಿ ಕುಳಿತು ಅವರ ಬಲಗೈಯನ್ನು ತೆಗೆದುಕೊಂಡೆ. ಅಳತೆ ನೋಡಲೆಂದು ಬೆರಳುಗಳನ್ನು ಕೂಡಿಸಿ ಹಿಡಿಯಹೋದವನು ಹಾಗೆಯೇ ಕೈ ತಡೆದೆ. ಐದೂ ಬೆರಳ ತುದಿಯಲ್ಲಿ ಹಳದಿ ಕುಳಿತಿತ್ತು. ಪಾರಿವಾಳದ ಕೊರಳಿನಂಥ ಬಣ್ಣ, ಬೂದಿಯೊಳಗೆ ಒಂದಿಷ್ಟು ನೇರಳೆ. ಎಳೆ ಮಾವಿನಕಾಯಿ ಕೊಯ್ದಾಗಿನ ವಾಸನೆ. ಐವತ್ತು ವರ್ಷ ಕೈಗಳನ್ನು ಹಿಡಿದವನು ನಾನು, ಇಂಥದ್ದನ್ನು ಕಂಡಿರಲಿಲ್ಲ.

"ಅಕ್ಕೋರ, ಯಾರದರ ಕೈ ಮುಟ್ಟಿದ್ರೇನ್ರಿ ಈಗ?"

"ಈಗ ಎದ್ದಿದ್ದೀನಿ. ಯಾರ ಕೈ ಮುಟ್ಟಲಿ?"

"ದಿನಾ ಎದ್ದ ಕೂಡ್ಲೆ ಏನ ಮಾಡ್ತೀರಿ ನೀವು?"

"ಹಾಸಿಗೆ ಪಕ್ಕದಲ್ಲೇ ಬಟ್ಟಲಲ್ಲಿ ಸ್ಪಿರಿಟ್ ಇರುತ್ತೆ. ಕೈ ತೊಳೀತೀನಿ. ನನ್ನ ಕೈ ಧೂಳು ನಿಮ್ಮಗಳ ಹುಡಿಗೆ ಬೆರೆತರೆ ಕೆಲಸ ಕೆಡುತ್ತೆ. ನಮ್ಮ ಮೇಷ್ಟ್ರು ಕಲಿಸಿದ ಮೊದಲ ಪಾಠ ಅದು."

"ದೀಪಾ ಹಚ್ಚಿದ ಮ್ಯಾಲೋ, ಮೊದಲೋ?"

"ಮೊದಲು. ಕತ್ತಲಲ್ಲೇ. ಯಾಕೆ?"

"ಅಂಗೈ ನೋಡ್ಕೊಳ್ಳೂದಿಲ್ರೀ?"

"ನನಗೇನು ಬರುತ್ತೆ ನೋಡ್ಕೊಳ್ಳೋಕೆ? ನಾನು ಹೊರಗಿನವಳು. ನೀವೇ ಹೇಳಿದ್ದಲ್ವಾ..." ಎನ್ನುತ್ತ ಅವರ ದೃಷ್ಟಿ ನನ್ನ ಮುಖದಿಂದ ತಮ್ಮ ಕೈಗೆ ಇಳಿಯಿತು.

ಅವರು ಬೆರಳುಗಳನ್ನು ಕಂದೀಲಿಗೆ ಹಿಡಿದು ನೋಡಿದರು, ಮೂಸಿದರು. ಆಮೇಲೆ ಅವರು ಮೆಲ್ಲಗೆ, ತಮಗೆ ತಾವೇ ಎಂಬಂತೆ, "ಏರಿ ಮೇಲಿನ ಮರದ ಹುಡಿ ಇದು. ಇಪ್ಪತ್ತಾರು ಮಾಗಿ" ಎಂದರು. "ನಾನೇ ತೊಳೆದು ತೊಳೆದು ಚೆಲ್ಲಿದೆನಲ್ಲ, ಗದಿಗೆಪ್ಪನವರೇ."

ನಾನು ಬಳೆಗಳನ್ನು ನೆಲದ ಮೇಲಿಟ್ಟು ಕೈಮುಗಿದೆ. "ತಪ್ಪು ನಂದ್ರಿ. ಅವತ್ತು ನಾ ಸುಮ್ಮನ ಬಾಯಿಗೆ ಬಂದದ್ದು ಆಡಿದೆ. ನನಗ ಯಾರೂ ಹೇಳಿದ್ದಿಲ್ಲ, ನಾ ಯಾರನ್ನೂ ಕೇಳಿದ್ದಿಲ್ಲ. ಜಂಬ ಕೊಚಗೊಂಡೆ. ನೀವು ಬರಕೊಂಡ್ರಿ."

"ಅಚ್ಚು ಹಾಕಿಸಿದೆ!" ಎಂದರು ಅವರು. "ಮೂರು ದೇಶದವರು ಅದನ್ನ ಓದಿ, ತಮ್ಮ ಪುಸ್ತಕಕ್ಕೂ ಸೇರಿಸಿದ್ದಾರೆ."

"ನಾನು ದಿನಾ ಊದಿನಕಡ್ಡಿ ಬೆಳಗೀನ್ರಿ ಅದಕ್ಕ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಕೇಳಿಸಿದ್ದು ನಗು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದೆ, ಎಡಗೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಲಗೈಯನ್ನು ಮಾತ್ರ ಹಾಲಿನ ಬಟ್ಟಲಿನ ಹಾಗೆ ಮೇಲೆತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೂ ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅವರ ಕಣ್ಣು ಮೇಜಿನ ಕಡೆ ಹೋಯಿತು. ಸೂಕ್ಷ್ಮದರ್ಶಕವನ್ನು ಇನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲ. ಸೂಜಿಯೂ ಅಲ್ಲೇ ಇತ್ತು. ಅವರು ಎರಡು ಹೆಜ್ಜೆ ಇಟ್ಟು ನಿಂತರು. ಒಂದೇ ಕಾಳು ತೆಗೆದು ನೋಡಿದರೆ ಸಾಕಿತ್ತು. ಜೀವಮಾನವೆಲ್ಲ ಹುಡುಕಿದ್ದು ಗಾಜಿನ ಕೆಳಗೆ ಬಂದು ಕೂರುತ್ತಿತ್ತು.

"ತಗೊಳ್ರಿ. ನಮ್ಮ ಕೈಯಾಗಿಂದು ಇಷ್ಟ ವರ್ಷ ತಗೊಂಡೀರಿ, ನಿಮ್ಮ ಕೈಯಾಗಿಂದು ತಗೊಳ್ಳಾಕ ಯಾಕ ಅನುಮಾನ?" ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. ಮಂಜು ಅಂಚಿನಲ್ಲಿ ಬೆಳ್ಳಗಾಗತೊಡಗಿತ್ತು. "ಬೇರೆ ದಿನವಾಗಿದ್ದರೆ ಇನ್ನೇನು ಬಿಸಿಲು ಬಂದು ಹೂವೆಲ್ಲ ಉದುರ್ತಿತ್ತು. ಇವತ್ತು ಮಂಜು ತಡೆದಿದೆ. ನೋಡೋಕೆ ಕೂತ್ಕೊಂಡರೆ ನಾನು ಬೇಗ ಏಳೋಳಲ್ಲ. ನಡೀರಿ" ಎಂದವರೇ ಕೂದಲನ್ನೂ ಕಟ್ಟದೆ, ಚಪ್ಪಲಿಯನ್ನೂ ಮೆಟ್ಟದೆ ಹೊರಟರು.

ಕಟ್ಟೆಯ ಮುಂದೆ ಸಾಲು ಕೂಡತೊಡಗಿತ್ತು. ಮುಂದೆ ನಿಂತಿದ್ದ ತಿಪ್ಪವ್ವ ತನ್ನ ಬೆರಳು ಚಾಚಿ, "ಎಲ್ಲಿಗೆ ಹೊಂಟಿ ತಂಗಿ? ನೋಡ ಇಲ್ಲೆ, ಮತ್ತ ತಾಳೀನ ಬಂದೈತೋ ಏನೋ" ಎಂದಳು. ಅಕ್ಕೋರು ತಮ್ಮ ಬಲಗೈಯನ್ನು ಅವಳ ಕಣ್ಣ ಮುಂದೆ ಹಿಡಿದರು. ಮುದುಕಿ ಮಂಜಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದಳು, ಮೂಸಿದಳು. ಆಮೇಲೆ ಹಿಂದಕ್ಕೆ ತಿರುಗಿ ಇಡೀ ಓಣಿಗೆ ಕೇಳುವ ಹಾಗೆ, "ಏ ನೀಲಿ, ಏಳ್ರೇ ಎಲ್ಲಾರೂ! ನಮ್ಮ ಅಕ್ಕೋರಿಗೆ ಹಳದಿ ಬಂದೈತಿ!" ಎಂದು ಕೂಗಿದಳು. ಹೆಣ್ಣುಮಗಳು ಮೈನೆರೆದಾಗ ಕೂಗುವ ದನಿ ಅದು, ಆ ಸಡಗರ ಅದರಲ್ಲಿತ್ತು. ಬಾಗಿಲುಗಳು ತೆರೆದವು. ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಂದರು. ನೀಲವ್ವ ಓಡುತ್ತ ಬಂದು, "ನಿಮ್ಮ ಮಾತ ಕೇಳಿ ಊರ ಹಾಳಾತಲ್ರಿ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿ, ಮರುಗಳಿಗೆಯಲ್ಲೇ ಅದೇ ಕೈಯಿಂದ ಕಣ್ಣೊರೆಸಿಕೊಂಡಳು. ದಾರಿಯಲ್ಲಿ ಅವಳೇ ಒಂದು ಮಾತು ಹೇಳಿದಳು. "ಆ ಮರಕ್ಕ ಬೇಕಾಗಿದ್ದು ಹೊರಗಿಂದು. ಹೊರಗಿಂದು ಅಂದ ಮ್ಯಾಲೆ ಅದು ಹೊರಗಿಂದ ಬಂದವರ ಕೈಗೇ ಬರಬೇಕಲ್ಲ. ಇಷ್ಟ ತಿಳೀಲಿಲ್ಲ ನಮಗ್ಯಾರಿಗೂ." ಅಕ್ಕೋರು ನಡೆಯುತ್ತಲೇ ತಿರುಗಿ ನೋಡಿ, "ಇದನ್ನ ನಿನ್ನ ಹೆಸರಲ್ಲೇ ಬರೀತೀನಿ ನೀಲವ್ವಾ" ಎಂದರು.

ಆ ಹಣ್ಣಿನ ರುಚಿ ಹೇಗಿತ್ತೆಂದು ನನ್ನನ್ನು ಕೇಳಬೇಡಿ. ಐದು ತಿಂಗಳ ಮೇಲೆ, ಎಣಿಸಿ ಐದೇ ಹಣ್ಣು ಬಿಟ್ಟಿತು. ಒಂದನ್ನು ಊರವರೆಲ್ಲ ಹಂಚಿಕೊಂಡೆವು. ಉಗುರಿನಷ್ಟು ತಿಂದವರು ಇವತ್ತಿಗೂ ಅದು ಹುಳಿಯೋ ಸಿಹಿಯೋ ಎಂದು ಜಗಳಾಡುತ್ತಾರೆ. ಉಳಿದ ನಾಲ್ಕರ ಬೀಜಗಳು ಏರಿಯುದ್ದಕ್ಕೂ ಮೊಳೆತು ಈಗ ನನ್ನ ಎದೆಯೆತ್ತರ ಬಂದಿವೆ. ಸೋಮವಾರದ ಬಸ್ಸು ಅಕ್ಕೋರನ್ನು ಬಿಟ್ಟೇ ಹೋಯಿತು. ಆಮೇಲಿನ ಎಷ್ಟೋ ಸೋಮವಾರಗಳ ಬಸ್ಸುಗಳೂ ಹೋದವು. ಇದೆಲ್ಲ ಆಮೇಲಿನ ಮಾತು.

ಆ ಬೆಳಿಗ್ಗೆ ಏರಿಯ ಮೇಲೆ ಅಷ್ಟು ಜನ ಸೇರಿದ್ದರೂ ಸದ್ದಿರಲಿಲ್ಲ. ಕೆರೆ ಕಾಣುತ್ತಿರಲಿಲ್ಲ, ನೀರು ದಡಕ್ಕೆ ತಾಗುವುದು ಮಾತ್ರ ಕೇಳುತ್ತಿತ್ತು. ಆ ಒಂದು ಕೊಂಬೆಯಲ್ಲಿ ಹೂಗಳು ಇನ್ನೂ ಇದ್ದವು. ಅಕ್ಕೋರು ಅಭ್ಯಾಸದಂತೆ ಎಣಿಸಲು ಶುರುಮಾಡಿದವರು, ನಡುವೆ ಬಿಟ್ಟರು. ನಾನು ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿ ಹಿಡಿದೆ. ಅವರು ಹೆಬ್ಬೆರಳನ್ನು ಒಂದು ಹೂವಿಗೆ, ತೋರುಬೆರಳನ್ನು ಇನ್ನೊಂದಕ್ಕೆ, ಹಾಗೆ ಒಂದೊಂದಾಗಿ ಮುಟ್ಟಿಸುತ್ತ ಹೋದರು. ತುಟಿ ಅಲುಗುತ್ತಿತ್ತು, ಏನೆಂದರೋ ಮರಕ್ಕೆ ಗೊತ್ತು. ಕೊನೆಯದಾಗಿ ಕಿರುಬೆರಳಲ್ಲಿ ಉಳಿದಿದ್ದಷ್ಟನ್ನೂ, ಒಂದು ಕಾಳನ್ನೂ ತಮಗೆಂದು ಇಟ್ಟುಕೊಳ್ಳದೆ, ತಲೆಬಾಗಿ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.